ಯಾರಾದರೂ ನಮ್ಮ ದಾರಿ ಕಾಯುವಂಥ ವಾರ: ಸಣ್ಣ ಊರಿನ ನಿವೃತ್ತರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಿವೃತ್ತಿಯಾದ ಮೇಲೆ ಕಷ್ಟ ಕೊಡುವ ಹೊತ್ತು ಸಂಜೆ ಅಂತ ನಾನು ಅಂದುಕೊಂಡಿದ್ದೆ. ಅದು ಬೆಳಿಗ್ಗೆ 10 ಗಂಟೆ. ತಿಂಡಿ ಮುಗಿದಿರುತ್ತದೆ, ಸ್ನಾನ ಆಗಿರುತ್ತದೆ, ಪೇಪರ್ ಓದಿ ಆಗಿರುತ್ತದೆ. ಹತ್ತಿರದ ಶಾಲೆಯಲ್ಲಿ ಪ್ರಾರ್ಥನೆ ಶುರುವಾಗುತ್ತದೆ. ಇಷ್ಟು ವರ್ಷ ಆ ಹೊತ್ತಿಗೆ ನಾನು ಮಕ್ಕಳ ಸಾಲಿನ ಎದುರು ನಿಂತಿರುತ್ತಿದ್ದೆ. ಈಗ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ. ಅಲ್ಲಿಂದ ಮಧ್ಯಾಹ್ನದ ಊಟದವರೆಗೆ ಏನು ಮಾಡಬೇಕು ಅಂತ ತಿಳಿಯುತ್ತಿರಲಿಲ್ಲ.

ನಾನು ಸಾಗರದವಳು. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ, 60 ತುಂಬಿದಾಗ ನಿವೃತ್ತಳಾದೆ. ನಮ್ಮ ಮನೆಯವರು ನನಗಿಂತ ಮೊದಲೇ ನಿವೃತ್ತರು. ಮಕ್ಕಳು ಹೊರಗಿದ್ದಾರೆ. ಜನರ ಒಡನಾಟ ಇರುವ ಒಂದು ವಾರ ತಾನಾಗಿ ಆಗುವುದಿಲ್ಲ, ಅದನ್ನು ಕಟ್ಟಿಕೊಳ್ಳಬೇಕು ಅಂತ ನಮಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು. ನಿಮಗೆ ಅಷ್ಟು ದಿನ ಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಕೆರೆ, ಬಸ್‌ಸ್ಟ್ಯಾಂಡು, ಲೈಬ್ರರಿ, ಸಂತೆ ಇರುವ ಯಾವ ಊರಿಗಾದರೂ ಇದು ಒಗ್ಗುತ್ತದೆ.

ಹಂತ 1: ಖಾಲಿ ಹೊತ್ತು ಯಾವುದು, ಬರೆದುಕೊಳ್ಳಿ

ಹಳೆಯ ನೋಟ್‌ಬುಕ್ ಒಂದು ಸಾಕು. ಒಂದು ಹಾಳೆಯಲ್ಲಿ ಏಳು ದಿನಕ್ಕೆ ಏಳು ಗೆರೆ ಎಳೆಯಿರಿ. ರಾತ್ರಿ ಮಲಗುವ ಮೊದಲು ಒಂದೇ ಒಂದು ವಿಷಯ ಬರೆಯಿರಿ: ಇವತ್ತು ಮನೆಯವರನ್ನು ಬಿಟ್ಟು ಎಷ್ಟು ಜನರ ಜೊತೆ ಐದು ನಿಮಿಷಕ್ಕಿಂತ ಜಾಸ್ತಿ ಮಾತಾಡಿದೆ? ಹಾಲಿನವರಿಗೆ "ಇವತ್ತು ಅರ್ಧ ಲೀಟರ್ ಸಾಕು" ಅಂದದ್ದು ಲೆಕ್ಕಕ್ಕಿಲ್ಲ. ಫೋನಿನಲ್ಲಿ ಬಂದ ಗುಡ್ ಮಾರ್ನಿಂಗ್ ಚಿತ್ರಗಳೂ ಲೆಕ್ಕಕ್ಕಿಲ್ಲ.

ಎರಡು ವಾರ ಹೀಗೆ ಬರೆಯಿರಿ. ನನ್ನ ಮೊದಲ ಹಾಳೆಯಲ್ಲಿ ಮಂಗಳವಾರ, ಬುಧವಾರ, ಶುಕ್ರವಾರ ಸೊನ್ನೆ ಇತ್ತು. ಅದನ್ನು ನೋಡಿ ನನಗೆ ಅಳು ಬಂತು. ಇಡೀ ಊರಿಗೆ ಪರಿಚಯ ಇರುವವಳು ನಾನು, ಬೀದಿಗೆ ಹೋದರೆ ಹತ್ತು ಜನ "ನಮಸ್ಕಾರ ಟೀಚರ್" ಅನ್ನುತ್ತಾರೆ. ಆದರೆ ಪರಿಚಯ ಬೇರೆ, ಒಡನಾಟ ಬೇರೆ.

ಈ ಎರಡು ವಾರ, ಆಮೇಲಿನ ಒಂದೂವರೆ ತಿಂಗಳು ಯಾವ ಸಮಿತಿಗೂ ಹೂಂ ಅನ್ನಬೇಡಿ. ನಿವೃತ್ತರಾದ ಕೂಡಲೇ ಜನ ಬರುತ್ತಾರೆ. "ನಿಮಗೀಗ ಟೈಮ್ ಇದೆಯಲ್ಲ, ಖಜಾಂಚಿ ಆಗಿ" ಅನ್ನುತ್ತಾರೆ. ರಸೀದಿ ಪುಸ್ತಕ ಒಮ್ಮೆ ಕೈಗೆ ಬಂದರೆ ಸಿಕ್ಕವರ ಹತ್ತಿರ ಮಾತಾಡುವುದೆಲ್ಲ ಚಂದಾ ಬಗ್ಗೆಯೇ ಆಗುತ್ತದೆ.

ಹಂತ 2: ಬೆಳಗಿಗೆ ಒಂದು ಗೂಟ ಹೊಡೆಯಿರಿ

ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ನಮ್ಮೂರಲ್ಲಿ ಆ ಜಾಗ ಗಣಪತಿ ಕೆರೆಯ ಬದಿ. ನಾನು 6 ಗಂಟೆ 10 ನಿಮಿಷಕ್ಕೆ ಅಲ್ಲಿರುತ್ತೇನೆ. ನಿಮ್ಮೂರಲ್ಲಿ ಅದು ಹೈಸ್ಕೂಲ್ ಮೈದಾನ ಆಗಬಹುದು, ಸ್ಟೇಷನ್ ರಸ್ತೆ ಆಗಬಹುದು.

ಹೊಸಬರು ಮಾಡುವ ತಪ್ಪು ಅಂದರೆ ಒಂದು ದಿನ 5.30ಕ್ಕೆ, ಮರುದಿನ 7ಕ್ಕೆ ಹೋಗುವುದು. ಆಗ ದಿನಾ ಬೇರೆ ಬೇರೆ ಜನ ಸಿಗುತ್ತಾರೆ, ಯಾರೂ ನಿಮ್ಮವರಾಗುವುದಿಲ್ಲ. ಮೊದಲ ವಾರ ಸುಮ್ನೆ ನಗಿ, ಅಷ್ಟೇ ಸಾಕು. ಎರಡನೇ ವಾರ ಏನಾದರೂ ಕೇಳಿ. "ನಿಮ್ಮ ಮನೆ ಕಡೆ ನೀರು ಎಷ್ಟು ಹೊತ್ತಿಗೆ ಬಿಡ್ತಾರೆ?", "ಅಪ್ಪೆಮಿಡಿ ಈ ವರ್ಷ ಎಲ್ಲಿ ಚೆನ್ನಾಗಿದೆ?" ಇಂಥವು. ಜನರಿಗೆ ತಮಗೆ ಗೊತ್ತಿರುವುದನ್ನು ಹೇಳಲು ಇಷ್ಟ. ನಾವು ಟೀಚರುಗಳಿಗೆ ಇದು ಸ್ವಲ್ಪ ಕಷ್ಟ. ಹೇಳಿಯೇ ಅಭ್ಯಾಸ, ಕೇಳುವುದನ್ನು ಕಲಿಯಬೇಕು.

ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 30 ನಿಮಿಷದಂತೆ ಐದು ದಿನ ನಡೆದರೆ ಆಯಿತು. ಮಂಡಿ ನೋವಿದ್ದರೆ 10 ನಿಮಿಷ ನಡೆದು ಕಟ್ಟೆ ಮೇಲೆ ಕೂತುಕೊಳ್ಳಿ. ನಮ್ಮ ಗುಂಪಿನಲ್ಲಿ ಒಬ್ಬ ನಿವೃತ್ತ ಕಂಡಕ್ಟರ್ ಇದ್ದಾರೆ. ಅವರು ನಡೆಯುವುದೇ ಇಲ್ಲ. ಕೂತಿರುತ್ತಾರೆ, ನಾವು ಒಂದೊಂದು ಸುತ್ತು ಮುಗಿಸಿ ಬಂದಾಗಲೂ ಮಾತಾಡಿಸುತ್ತಾರೆ. ಅವರು ಬರದಿದ್ದ ದಿನ ಎಲ್ಲರಿಗೂ ಬೇಜಾರಾಗುತ್ತದೆ.

ಹಂತ 3: ಕೆಲಸಗಳನ್ನು ಒಂದೇ ದಿನ ಮುಗಿಸಬೇಡಿ

ನೌಕರಿಯಲ್ಲಿದ್ದಾಗ ಒಂದು ಶನಿವಾರ ಮಧ್ಯಾಹ್ನ ಬ್ಯಾಂಕು, ಕರೆಂಟ್ ಬಿಲ್ಲು, ಔಷಧಿ ಅಂಗಡಿ, ಟೈಲರ್ ಎಲ್ಲ ಮುಗಿಸಿ ಬರುತ್ತಿದ್ದೆವು ಅಲ್ವಾ? ಆ ಅಭ್ಯಾಸ ಬಿಡಿ. ದಿನಕ್ಕೊಂದೇ ಕೆಲಸ ಇಟ್ಟುಕೊಳ್ಳಿ. ಅದಕ್ಕೂ 10 ಗಂಟೆಗೇ ಮನೆಯಿಂದ ಹೊರಡಿ. ಆ ಖಾಲಿ ಹೊತ್ತು ತುಂಬಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಸರ್ಕಾರಿ ಲೈಬ್ರರಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಹಾಗಾಗಿ ಸೋಮವಾರ ಬ್ಯಾಂಕಿಗೆ ಹೋಗುತ್ತೇನೆ. ಮಂಗಳವಾರ ಲೈಬ್ರರಿ. ಅಲ್ಲಿ ಸುಧಾ, ತರಂಗ, ಮಯೂರ, ಕಸ್ತೂರಿ ಎಲ್ಲ ಓದಬಹುದು. ಮನೆಗೂ ತರಿಸಬಹುದು, ಆದರೆ ನಾನು ಬೇಕೆಂದೇ ಒಂದನ್ನು ಮಾತ್ರ ತರಿಸುತ್ತೇನೆ. ಉಳಿದದ್ದು ಓದಲು ಹೊರಗೆ ಹೋಗಲೇಬೇಕಲ್ಲ.

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹಣ ಇಟ್ಟವರಿಗೆ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಮೊದಲ ತಾರೀಕಿಗೆ ಬಡ್ಡಿ ಬರುತ್ತದೆ. ಖಾತೆಗೆ ತಾನಾಗಿಯೇ ಜಮಾ ಆಗುತ್ತದೆ, ನಿಜ. ಆದರೂ ಆ ವಾರ ಪಾಸ್‌ಬುಕ್ ಹಿಡಿದು ಹೋಗಿ. ಜೊತೆಗೆ ಕೆಲಸ ಮಾಡಿದವರು, ವರ್ಷಗಟ್ಟಲೆ ನೋಡದವರು ಅಲ್ಲಿ ಸಿಗುತ್ತಾರೆ.

ನವೆಂಬರ್ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರದ ಪಿಂಚಣಿದಾರರು ಆ ತಿಂಗಳು ಜೀವನ ಪ್ರಮಾಣ ಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ನಾನು ಅದನ್ನು ಮಗಳಿಂದ ಕಲಿತೆ. ನವೆಂಬರಿನಲ್ಲಿ ಎರಡು ಗುರುವಾರ ನಮ್ಮ ಜಗುಲಿಯಲ್ಲಿ ಕೂತು ಬೇರೆಯವರಿಗೆ ಮಾಡಿಕೊಡುತ್ತೇನೆ. ಆಧಾರ್, ಪಿಂಚಣಿ ಪುಸ್ತಕ, ಆಧಾರ್‌ಗೆ ಜೋಡಿಸಿದ ಫೋನು ತರಲು ಹೇಳಿ. ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂರಿಸಿ, ಕನ್ನಡಕ ತೆಗೆಸಿ. ಮೂರನೇ ಸಲಕ್ಕೂ ಆಗದಿದ್ದರೆ ಪೋಸ್ಟ್‌ಮನ್‌ಗೆ ಹೇಳಿ, ಅವರು ಮನೆಗೇ ಬಂದು ಬೆರಳಚ್ಚು ತಗೊಂಡು ಮಾಡುತ್ತಾರೆ. ಯಾರ ಒ.ಟಿ.ಪಿ.ಯನ್ನೂ ಅವರ ಎದುರಲ್ಲದೆ ಕೇಳಬೇಡಿ. ಅದನ್ನು ಎಲ್ಲೂ ಬರೆದಿಟ್ಟುಕೊಳ್ಳಬೇಡಿ.

ಹಂತ 4: ವಾರಕ್ಕೊಂದು ಕೂಟ, ಅದರಲ್ಲಿ ನಿಮಗೊಂದು ಕೆಲಸ

ಭಜನೆ, ಗಮಕ, ತಾಳಮದ್ದಲೆ, ಯೋಗ, ಚದುರಂಗ, ಯಾವುದಾದರೂ ಆಗಲಿ. ನಿಮಗೆ ಇಷ್ಟವಾದ ಒಂದು ಸಾಕು. ಹೋಗಿ ಕೂತು ಬರುವುದು ಮಾತ್ರ ಸಾಲದು. ಅಲ್ಲೊಂದು ಚಿಕ್ಕ ಕೆಲಸ ಕೇಳಿ ತಗೊಳ್ಳಿ. ಜಮಖಾನ ಹಾಸುವುದು, ಕುಡಿಯುವ ನೀರು ತುಂಬಿಸಿಡುವುದು, ಹಾಜರಿ ಬರೆಯುವುದು. ಕೆಲಸ ಇದ್ದರೆ ಬೇಜಾರಿದ್ದ ದಿನವೂ ಎದ್ದು ಹೋಗುತ್ತೀರಿ. ನೀವು ಬರದಿದ್ದರೆ ಜಮಖಾನ ಮಡಿಚಿದ ಹಾಗೇ ಇರುತ್ತದೆ, ಯಾರಾದರೂ ಫೋನ್ ಮಾಡುತ್ತಾರೆ.

ನಮ್ಮ ಕಡೆ ತಾಳಮದ್ದಲೆಯ ರುಚಿ ಹಚ್ಚಿಕೊಂಡವರು ತುಂಬಾ ಜನ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಮದ್ದಲೆಯವರು, ಅರ್ಥ ಹೇಳುವವರು ಎದುರುಬದುರು ಕೂತರೆ ಮುಗಿಯಿತು. ಕುತ್ತಿಗೆ ಗಟ್ಟಿಯಾದವರೂ, ಮಂಡಿ ಹೋದವರೂ ಭಾಗವಹಿಸಬಹುದಾದ ಕಲೆ ಇದು. ನಮ್ಮ ಮನೆಯವರು ನೌಕರಿಯಲ್ಲಿ ಇದ್ದಷ್ಟು ದಿನವೂ ಕಡತದ ಭಾಷೆ ಮಾತ್ರ ಮಾತಾಡಿದವರು. ಈಗ ವಾರವೆಲ್ಲ ಕೂತು ವಿದುರನ ಮಾತು ಹೊಂದಿಸಿಕೊಳ್ಳುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ. ಅವರ ದನಿ ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹೊಸಬರು ಮೊದಲೇ ದೊಡ್ಡ ಪಾತ್ರ ಕೇಳಬೇಡಿ. ದೂತ, ಚಾರಕ ಇಂಥ ಎರಡು ಮಾತಿನ ಪಾತ್ರದಿಂದ ಶುರು ಮಾಡಿ. ಪದ್ಯ ಮುಂಚೆಯೇ ಬರೆದುಕೊಂಡು ಅರ್ಥ ಕೇಳಿ ತಿಳಿದುಕೊಳ್ಳಿ. ಕಿವಿ ಮಂದ ಇರುವವರನ್ನು ಭಾಗವತರ ಹತ್ತಿರ, ಕೇಳಿಸುವ ಕಿವಿ ಅವರ ಕಡೆಗೆ ಬರುವ ಹಾಗೆ ಕೂರಿಸಿ. ಇಷ್ಟು ಮಾಡಿದರೆ ಮನೆಯಲ್ಲೇ ಕೂತುಬಿಟ್ಟಿದ್ದ ಎಷ್ಟೋ ಜನ ಮತ್ತೆ ಬರುತ್ತಾರೆ.

ಹಂತ 5: ವಾರಕ್ಕೊಮ್ಮೆ ನಿಮ್ಮ ಜಗುಲಿ ತೆರೆದಿಡಿ

"ಒಂದ್ಸಲ ಮನೆಗೆ ಬನ್ನಿ" ಅಂದರೆ ಯಾರೂ ಬರುವುದಿಲ್ಲ. "ಬುಧವಾರ 4 ಗಂಟೆಗೆ ಬನ್ನಿ, ಪ್ರತಿ ಬುಧವಾರ ಇರ್ತೇವೆ" ಅನ್ನಿ, ಬರುತ್ತಾರೆ. ನಾವು ಶುರು ಮಾಡಿದಾಗ ಮೊದಲ ಬುಧವಾರ ಇಬ್ಬರು ಬಂದರು. ಎರಡನೆಯದಕ್ಕೆ ಯಾರೂ ಬರಲಿಲ್ಲ. ಆದರೂ ಕುರ್ಚಿ ಹಾಕಿಕೊಂಡು ಕೂತೆವು. ಈಗ ಆರೇಳು ಜನಕ್ಕೆ ಕಡಿಮೆ ಇರುವುದಿಲ್ಲ. ಕನಿಷ್ಠ ಎಂಟು ವಾರ ಬಿಡದೆ ಮಾಡಿ.

ತಿಂಡಿ ಒಂದೇ ಇರಲಿ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಹಚ್ಚಿದ ಅವಲಕ್ಕಿ, ಇಲ್ಲ ಸುಟ್ಟ ಹಲಸಿನ ಹಪ್ಪಳ ತೆಂಗಿನಕಾಯಿ ಚೂರಿನ ಜೊತೆ. ಆಸರಿಗೆ, ಅಂದರೆ ಕುಡಿಯಲು, ಕಷಾಯವೋ ಚಹಾವೋ. ಒಂದು ಮನೆಯಲ್ಲಿ ತೊಡೆದೇವು ಮಾಡಿದರೆ ಮುಂದಿನ ಮನೆಯವರು ಹೋಳಿಗೆ ಮಾಡಬೇಕಾಗುತ್ತದೆ. ಮೂರು ತಿಂಗಳಲ್ಲಿ ಹೆಂಗಸರಿಗೆ ಸಾಕುಸಾಕಾಗಿ ಕೂಟವೇ ನಿಂತುಹೋಗುತ್ತದೆ.

ಗಂಡಸರಿಗೆ ಒಂದು ಮಾತು ಹೇಳಲೇಬೇಕು. ನಿಮಗೆ ನಿವೃತ್ತಿ ಆಯಿತು, ಮನೆಯಾಕೆಗೆ ಆಗಲಿಲ್ಲ. ನೀವು ಕರೆದ ಸ್ನೇಹಿತರಿಗೆ ನೀವೇ ಚಹಾ ಮಾಡಿ. ನಮ್ಮ ಮನೆಯವರು 63ನೇ ವಯಸ್ಸಿನಲ್ಲಿ ಕಲಿತರು. ಎಂಟು ಜನಕ್ಕೆ ಎಷ್ಟು ನೀರು, ಎಷ್ಟು ಹಾಲು, ಎಷ್ಟು ಪುಡಿ ಅಂತ ಚೀಟಿ ಬರೆದು ಡಬ್ಬಿಗೆ ಅಂಟಿಸಿಕೊಂಡಿದ್ದಾರೆ. ಬುಧವಾರ ನಾನೂ ಅತಿಥಿಯ ಹಾಗೆ ಜಗುಲಿಯಲ್ಲಿ ಕೂತಿರುತ್ತೇನೆ.

6 ಗಂಟೆಗೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಏಳಬೇಕು. ಇದನ್ನು ಮೊದಲ ದಿನವೇ ಹೇಳಿಬಿಡಿ. ಕೈಸಾಲ, ಚೀಟಿ ವ್ಯವಹಾರ ಈ ಕೂಟದಲ್ಲಿ ಬೇಡ. ಚುನಾವಣೆ ಮಾತು ಬಂದರೆ ಬರಲಿ. ದನಿ ಏರಿತು ಅನ್ನಿಸಿದರೆ ಯಾರಾದರೂ ಎದ್ದು ಎಲೆ-ಅಡಿಕೆ ಕವಳದ ತಟ್ಟೆ ತರಬೇಕು. ಬಾಯಲ್ಲಿ ಕವಳ ಇದ್ದಾಗ ಜಗಳ ಮುಂದೆ ಹೋಗುವುದಿಲ್ಲ.

ಇಂಥ ಕೂಟದಿಂದ ಹಣವೂ ಉಳಿಯುತ್ತದೆ. ನಮ್ಮಲ್ಲಿ ಒಬ್ಬರಿಗೆ ವಿಡಿಯೋ ಕರೆ ಬಂತು. ಪೊಲೀಸರ ಹಾಗೆ ಮಾತಾಡಿ, ಡಿಜಿಟಲ್ ಅರೆಸ್ಟ್ ಅಂದು, ಯಾರಿಗೂ ಹೇಳಬಾರದು ಅಂತ ಹೆದರಿಸಿದ್ದರು. ಅವತ್ತು ಬುಧವಾರ. ಮುಖ ಸಣ್ಣ ಮಾಡಿಕೊಂಡು ಕೂತಿದ್ದವರನ್ನು ಕೇಳಿ ಕೇಳಿ ಬಾಯಿ ಬಿಡಿಸಿದೆವು. ದುಡ್ಡು ಇನ್ನೂ ಹೋಗಿರಲಿಲ್ಲ. ಅಂಥ ಅರೆಸ್ಟ್ ಅನ್ನುವುದೇ ಕಾನೂನಿನಲ್ಲಿ ಇಲ್ಲ. ಹೀಗಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಂತ 6: ಕೈಗೆ ಕೆಲಸ ಇರುವ ಒಡನಾಟ

ಎಲ್ಲರಿಗೂ ಕೂತು ಮಾತಾಡುವುದು ಬರುವುದಿಲ್ಲ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತಾನಾಗಿ ಬಿಡುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ತೋಟದ ಮನೆಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರ ಮಾತು ಕೇಳಿ, ಊರಿನ ನಾಲ್ಕು ತಲೆಮಾರಿನ ಕಥೆ ಬರುತ್ತದೆ.

ಪೇಟೆಯಲ್ಲಿರುವ ನಮಗೆ ಏಪ್ರಿಲ್-ಮೇ ತಿಂಗಳ ಹಲಸಿನ ಹಪ್ಪಳ ಇದೆ. ಬಲಿತ ಆದರೆ ಹಣ್ಣಾಗದ ಕಾಯಿ ಬೇಕು. ಹಿಂದಿನ ಸಂಜೆ ಕಾಯಿ ತಂದಿಡಿ. ಬೆಳಿಗ್ಗೆ 7ಕ್ಕೆ ಕೂತರೆ ಇಬ್ಬರು ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಬೇಕು. ಒಬ್ಬರು ಬೇಯಿಸಬೇಕು. ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ, ಜೀರಿಗೆ ಹಾಕಿ ನುಣ್ಣಗೆ ರುಬ್ಬಬೇಕು. ನೀರು ಹಾಕಬಾರದು. ಆಮೇಲೆ ಉಂಡೆ ಕಟ್ಟುವವರು, ಒತ್ತುವವರು, ಚಾಪೆ ಮೇಲೆ ಹಾಕುವವರು. ಕಣ್ಣು ಮಂಜಾದವರೂ ಉಂಡೆ ಕಟ್ಟಬಹುದು. ಬೆನ್ನು ಬಗ್ಗದವರು ಕುರ್ಚಿಯಲ್ಲಿ ಕೂತು ಕಾಗೆ ಓಡಿಸಬಹುದು. ನಮ್ಮ ಬೀದಿಯ 84 ವರ್ಷದ ಅಜ್ಜಿಯದು ಪ್ರತಿ ವರ್ಷ ಅದೇ ಕೆಲಸ. "ನಾನಿಲ್ದಿದ್ರೆ ನಿಮ್ ಹಪ್ಪಳ ಕಾಗೆ ಪಾಲು" ಅನ್ನುತ್ತಾರೆ. ಅವರಿಗೂ ಸಮಪಾಲು ಕೊಡುತ್ತೇವೆ.

ಸಂತೆಗೆ ಹೋಗುವಾಗಲೂ ಒಬ್ಬರೇ ಹೋಗಬೇಡಿ. ಸಂತೆಯ ಹಿಂದಿನ ದಿನ ಓಡಾಡಲಾಗದ ಒಬ್ಬರ ಮನೆಗೆ ಹೋಗಿ ಚೀಟಿ ತಗೊಳ್ಳಿ, ಸಂತೆ ದಿನ ಸಾಮಾನು ಕೊಡಲು ಮತ್ತೆ ಹೋಗಿ. ಒಂದು ಸಂತೆಯಿಂದ ಎರಡು ಭೇಟಿ ಆಯಿತಲ್ಲ.

ಹಂತ 7: ತಿಂಗಳಿಗೊಂದು ಶನಿವಾರ ಬಸ್ ಹತ್ತಿ

ಹತ್ತಿರದ ಜಾಗ ಆರಿಸಿ. ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಷ್ಟು ದೂರ ಇದ್ದರೆ ಸಾಕು, ಯಾರಿಗೂ ಆಯಾಸ ಆಗುವುದಿಲ್ಲ. ಸಾಗರದಿಂದ ಇಕ್ಕೇರಿ ಸುಮಾರು 6 ಕಿ.ಮೀ. ಕೆಳದಿ ನಾಯಕರ ರಾಜಧಾನಿಯಾಗಿದ್ದ ಊರು. ಅಘೋರೇಶ್ವರ ದೇವಸ್ಥಾನದ ಎದುರಿನ ದೊಡ್ಡ ನಂದಿಯ ನೆರಳಲ್ಲಿ ಕೂತು ಮಾತಾಡಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೆಳದಿಯಲ್ಲಿ ರಾಮೇಶ್ವರ ದೇವಸ್ಥಾನದ ಗಂಡಭೇರುಂಡ ನೋಡಿ, ಪಕ್ಕದ ಮ್ಯೂಸಿಯಂನಲ್ಲಿ ತಾಳೆಗರಿ ನೋಡಿ. ವರದಳ್ಳಿ, ವರದಾಮೂಲ ಇನ್ನೆರಡು ಶನಿವಾರಕ್ಕೆ. ಸಿಗಂದೂರಿಗೆ ಮೊದಲು ಲಾಂಚ್ ಕಾಯಬೇಕಿತ್ತು. 2025ರ ಜುಲೈಯಲ್ಲಿ ಸೇತುವೆ ಆದಮೇಲೆ ವಯಸ್ಸಾದವರಿಗೆ ಸಲೀಸಾಗಿದೆ.

ಹೆಗ್ಗೋಡು ನಮಗೆ ಪಕ್ಕದಲ್ಲೇ ಇರುವುದು ನಮ್ಮ ಪುಣ್ಯ. 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ಅಲ್ಲಿದೆ. ನಾಟಕ ಇದ್ದಾಗ ರಾತ್ರಿ ಆಗುತ್ತದೆ, ಆದ್ದರಿಂದ ಐದಾರು ಜನ ಸೇರಿ ಹೋಗುವ-ಬರುವ ಗಾಡಿ ಮೊದಲೇ ಮಾತಾಡಿಕೊಳ್ಳಿ.

ಬಸ್ ಖರ್ಚು ಕಡಿಮೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. 60 ದಾಟಿದ ಗಂಡಸರು ವಯಸ್ಸಿನ ದಾಖಲೆ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಶೇ. 25 ರಿಯಾಯಿತಿ ಇದೆ. ಶಕ್ತಿ ಯೋಜನೆ ಖಾಸಗಿ ಬಸ್ಸಿಗೆ ಇಲ್ಲ, ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ. ಹತ್ತುವ ಮುಂಚೆ ಬಸ್ಸು ಯಾವುದು ಅಂತ ನೋಡಿಕೊಳ್ಳಿ. ಶೌಚಾಲಯ ಎಲ್ಲಿದೆ ಅಂತ ಹೊರಡುವ ಮೊದಲೇ ವಿಚಾರಿಸಿ. ಎಷ್ಟೋ ಜನ ಹೊರಗೆ ಬರಲು ಹಿಂಜರಿಯುವುದು ಇದೊಂದೇ ಕಾರಣಕ್ಕೆ, ಬಾಯಿ ಬಿಟ್ಟು ಹೇಳುವುದಿಲ್ಲ.

ಭಾನುವಾರ ಏನೂ ಇಟ್ಟುಕೊಳ್ಳಬೇಡಿ. ಮಕ್ಕಳ ಫೋನ್ ಬರಲಿ. ನಮ್ಮ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಇಲ್ಲಿ ಭಾನುವಾರ ಬೆಳಿಗ್ಗೆ 8 ಅಂದರೆ ಬೇಸಿಗೆಯಲ್ಲಿ ಅಲ್ಲಿ ಶನಿವಾರ ಸಂಜೆ 7.30. ಮೊಮ್ಮಗಳು ಇನ್ನೂ ಎದ್ದಿರುತ್ತಾಳೆ. ಈಗ ನಮ್ಮ ಹತ್ತಿರ ಅವಳಿಗೆ ಹೇಳಲು ವಾರದ ಸುದ್ದಿ ಇರುತ್ತದೆ. ಮೊದಲು "ಊಟ ಆಯ್ತಾ" ಆದಮೇಲೆ ಮಾತೇ ಇರುತ್ತಿರಲಿಲ್ಲ.

ಹಂತ 8: "ಎರಡು ದಿನ" ನಿಯಮ

ಇದನ್ನು ದಯವಿಟ್ಟು ಬಿಡಬೇಡಿ. ನಮ್ಮ ಗುಂಪಿನಲ್ಲಿ ಯಾರಾದರೂ ಹೇಳದೆ ಎರಡು ದಿನ ಕಾಣದಿದ್ದರೆ ಫೋನ್ ಮಾಡುತ್ತೇವೆ. ಎತ್ತದಿದ್ದರೆ ಮನೆಗೆ ಹೋಗುತ್ತೇವೆ. ಒಬ್ಬರೇ ಇರುವವರಿಗೆ ಎರಡಲ್ಲ, ಒಂದೇ ದಿನ.

ಎರಡು ವರ್ಷದ ಹಿಂದೆ ನಮ್ಮ ಮನೆಯವರು ಮಗಳ ಮನೆಗೆ ಹೋಗಿದ್ದಾಗ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಕಾಲು ಎತ್ತಿಡಲು ಆಗಲಿಲ್ಲ, ಫೋನು ಹೊರಗಿತ್ತು. 6.10ಕ್ಕೆ ಕೆರೆಯ ಹತ್ತಿರ ನಾನಿಲ್ಲ. ಫೋನು ಹೊಡೆದುಕೊಳ್ಳುವುದು ಕೇಳುತ್ತಿತ್ತು, ಎತ್ತಲಾಗಲಿಲ್ಲ. 7 ಗಂಟೆಗೆ ಹಿಂಬಾಗಿಲಲ್ಲಿ ದನಿ ಕೇಳಿತು, "ಟೀಚರೇ, ಇದೀರಾ?" ಆ ಕಂಡಕ್ಟರ್, ಮತ್ತಿಬ್ಬರು ಗೆಳತಿಯರು. ಪಕ್ಕದ ಮನೆಯಲ್ಲಿ ಕೊಟ್ಟಿದ್ದ ಬೀಗದ ಕೈ ತಂದು ಒಳಗೆ ಬಂದರು.

ಹಾಗಾಗಿ ಮಾಡಬೇಕಾದದ್ದು ಇಷ್ಟು. ಒಂದು ಬೀಗದ ಕೈ ನಂಬಿಕೆಯ ಪಕ್ಕದ ಮನೆಯಲ್ಲಿರಲಿ. ಬಚ್ಚಲಿಗೆ ಚಿಲಕ ಹಾಕಬೇಡಿ. ಗುಂಪಿನ ಎಲ್ಲರ ನಂಬರು, ಮಕ್ಕಳ ನಂಬರು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿ. ಅದರ ಕೆಳಗೆ ಹಿರಿಯರ ಸಹಾಯವಾಣಿ 14567, ಆಂಬುಲೆನ್ಸಿಗೆ 108 ಬರೆಯಿರಿ. ಊರಿಗೆ ಹೋಗುವುದಿದ್ದರೆ ಹೇಳಿ ಹೋಗಿ.

ಮಲಗಿದವರನ್ನು ನೋಡಲು ಹೋಗುವಾಗ 11 ಗಂಟೆಗೆ ಹೋಗಿ, ಇಪ್ಪತ್ತು ನಿಮಿಷ ಕೂತು ಬನ್ನಿ. ಬೇರೆಯವರ ಕಾಯಿಲೆಯ ಕಥೆ ಹೇಳಬೇಡಿ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರ ಮನೆಗೆ ಹದಿಮೂರು ದಿನ ಎಲ್ಲರೂ ಹೋಗುತ್ತಾರೆ. ನೀವು ಮೂರನೇ ತಿಂಗಳು ಹೋಗಿ.

ಹಂತ 9: ಮಳೆಗಾಲಕ್ಕೆ ಬೇರೆ ಹಾಳೆ

ಮಲೆನಾಡಿನಲ್ಲಿ ಜೂನ್ ಬಂತೆಂದರೆ ಈ ವಾರ ಅರ್ಧಕ್ಕರ್ಧ ಮುರಿದುಬೀಳುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಕೆರೆಯ ಕಡೆ ಹೋಗುವ ಮಾತೇ ಇಲ್ಲ. ಕರೆಂಟ್ ಇರುವುದಿಲ್ಲ, ಫೋನ್ ಸಿಗ್ನಲ್ಲೂ ಇರುವುದಿಲ್ಲ. ಒಂಟಿತನ ಜಾಸ್ತಿಯಾಗುವುದು ಆಗಲೇ. ಅದಕ್ಕೆ ಮೇ ಕೊನೆಯ ಬುಧವಾರ ಎಲ್ಲರೂ ಕೂತು ಮಳೆಗಾಲದ ಹಾಳೆ ಬರೆಯುತ್ತೇವೆ.

ನಡಿಗೆ ಬೆಳಿಗ್ಗೆ ಬದಲು 11 ಗಂಟೆಗೆ, ಮಳೆ ಹೊಳವಾದರೆ, ಅಂದರೆ ಬಿಡುವು ಕೊಟ್ಟರೆ ಮಾತ್ರ. ಹೊಳವಾಗದಿದ್ದರೆ ಹತ್ತಿರದ ದೇವಸ್ಥಾನದ ಪೌಳಿಯಲ್ಲಿ ಹತ್ತು ಸುತ್ತು. ಪಾಚಿ ಕಟ್ಟಿದ ಅಂಗಳದಲ್ಲಿ ಯಾರೂ ಓಡಾಡಬಾರದು. ಬುಧವಾರದ ಜಗುಲಿ ಅಡುಗೆಮನೆಗೆ ಹೋಗುತ್ತದೆ, ಒಲೆಯ ಹತ್ತಿರ ಬೆಚ್ಚಗಿರುತ್ತದಲ್ಲ. ತಾಳಮದ್ದಲೆ ಸಂಜೆ ಬಿಟ್ಟು ಮಧ್ಯಾಹ್ನ 3ಕ್ಕೆ. ಬೀದಿಯಲ್ಲಿ ಯಾರ ಮನೆಯಲ್ಲಿ ಒಬ್ಬರೇ ಇದ್ದಾರೋ ಅವರಿಗೆ ಒಬ್ಬೊಬ್ಬರನ್ನು ಜೋಡಿ ಮಾಡುತ್ತೇವೆ. ಕರೆಂಟ್ ಹೋದ ರಾತ್ರಿ 8 ಗಂಟೆಗೆ ಆ ಜೋಡಿಯವರು ಟಾರ್ಚ್ ಹಿಡಿದು ಕಿಟಕಿ ಕಡೆ ಬೆಳಕು ಬಿಡಬೇಕು. ಒಳಗಿನಿಂದಲೂ ಒಂದು ಬೆಳಕು ತಿರುಗಿ ಬರಬೇಕು. ಬರದಿದ್ದರೆ ಕೊಡೆ ಹಿಡಿದು ಹೊರಡಬೇಕು.

ನನಗೆ ಜೋಡಿ ಸಿಕ್ಕಿದ್ದು ಆ 84ರ ಅಜ್ಜಿ. ಹೋದ ಮಳೆಗಾಲ ನಾನು ಕಿಟಕಿಗೆ ಬರುವುದು ಎರಡು ನಿಮಿಷ ತಡವಾದರೆ ಅವರೇ ಮೊದಲು ಟಾರ್ಚ್ ಬಿಡುತ್ತಿದ್ದರು.